ಮತ್ತೊಂದಾಟದ ಬೆಲೆ

ಜುಲೈ ಒಂಬತ್ತು, ಗುರುವಾರ. ಬೆಳಿಗ್ಗೆ ತುಂತುರು, ಮಧ್ಯಾಹ್ನದ ಹೊತ್ತಿಗೆ ಹೊಳವು. ಒಂದು ಕಾಡಿನಲ್ಲಿ, ಹಳ್ಳದ ಪಕ್ಕದ ಚಪ್ಪಟೆ ಬಂಡೆಯ ಮೇಲೆ, ನರಿ ಅಂದೂ ಸಂತೆಯಾಟ ಗೆದ್ದಿತು.

ಅದು ಗೆದ್ದದ್ದು ಸುದ್ದಿಯಲ್ಲ. ಆ ಮಳೆಗಾಲದಲ್ಲಿ ಬೇರೆ ಯಾರೂ ಗೆದ್ದಿರಲೇ ಇಲ್ಲ. ಸುದ್ದಿಯಾದದ್ದು ಆಮೇಲೆ ನಡೆದದ್ದು.

ಸಂತೆಯಾಟ ಆ ಕಾಡಿನ ಹಳೆಯ ಆಟ. ಬಂಡೆಯ ಮೇಲೆ ಕೆಮ್ಮಣ್ಣಿನಿಂದ ಮನೆಗಳನ್ನು ಬರೆದುಕೊಂಡು ನಾಲ್ವರು ಕೂರುತ್ತಿದ್ದರು: ನರಿ, ಕರಡಿ, ಮುಳ್ಳುಹಂದಿ, ಅಳಿಲು. ಒಬ್ಬೊಬ್ಬರಿಗೆ ಒಂದೊಂದು ಅಂಗಡಿ. ಹುಣಸೆ ಬೀಜವೇ ದುಡ್ಡು, ಹಳ್ಳದ ಕಲ್ಲುಗಳೇ ಸರಕು. ಪ್ರತಿ ಸುತ್ತಿನಲ್ಲೂ ತಮ್ಮ ಬೆಲೆ ಎಷ್ಟೋ ಅಷ್ಟು ಬೀಜಗಳನ್ನು ಮುತ್ತುಗದ ಎಲೆಯ ಕೆಳಗೆ ಮುಚ್ಚಿಡಬೇಕು. ಎಲ್ಲರೂ ಒಟ್ಟಿಗೆ ಎಲೆ ಎತ್ತಬೇಕು. ಆಮೇಲೆ ಕವಡೆ ಹಾಕಿದರೆ ಎಷ್ಟು ಗಿರಾಕಿಗಳು ಬಂದರೆಂದು ತಿಳಿಯುತ್ತಿತ್ತು. ಗಿರಾಕಿಗಳು ಮೊದಲು ಅಗ್ಗದ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ಸರಕು ಮುಗಿದರೆ ಪಕ್ಕದ್ದಕ್ಕೆ. ಸುತ್ತು ಮುಗಿದ ಮೇಲೆ ಎಲ್ಲರೂ ಸಂತೆಯ ಸುಂಕ ಕಟ್ಟಬೇಕು. ಕಟ್ಟಲು ಬೀಜವಿಲ್ಲದಿದ್ದರೆ ಅಂಗಡಿಗೆ ಬಾಗಿಲು. ಕೊನೆಯಲ್ಲಿ ಯಾರ ಹತ್ತಿರ ಹೆಚ್ಚು ಬೀಜವೋ ಅವರು ಗೆದ್ದಂತೆ.

ಬೀಜ ಆಟದ್ದು, ಆದರೆ ಬುತ್ತಿ ನಿಜವಾದದ್ದು. ಕೂರುವ ಮೊದಲು ಪ್ರತಿಯೊಬ್ಬರೂ ಒಂದು ಬುತ್ತಿ ತಂದಿಡುತ್ತಿದ್ದರು. ಕರಡಿ ಜೇನಿನ ಹುಟ್ಟು, ಮುಳ್ಳುಹಂದಿ ಅಗೆದ ಗೆಣಸು, ಅಳಿಲು ನೇರಳೆ ಹಣ್ಣು, ನರಿ ಹಳ್ಳದ ಏಡಿ. ಗೆದ್ದವರಿಗೆ ನಾಲ್ಕೂ ಬುತ್ತಿ. ಇವತ್ತು ಒಬ್ಬರು ಗೆದ್ದರೆ ನಾಳೆ ಇನ್ನೊಬ್ಬರು ಗೆಲ್ಲುತ್ತಿದ್ದರು. ಹೀಗಾಗಿ ಯಾರ ಹೊಟ್ಟೆಯೂ ಬಹಳ ದಿನ ಖಾಲಿ ಇರುತ್ತಿರಲಿಲ್ಲ.

ಇನ್ನೊಂದು ಕಟ್ಟಳೆಯಿತ್ತು. ಆಟ ಮುಗಿದ ಮೇಲೆ ಗೆದ್ದವರು ಮತ್ತೆ ಆಡೋಣ ಎನ್ನುವಂತಿಲ್ಲ. ಸೋತವರಲ್ಲಿ ಯಾರಾದರೂ ‘ಮತ್ತೊಂದಾಟ’ ಎನ್ನಬೇಕು. ಆ ಮಾತು ಬರುವವರೆಗೆ ಬಂಡೆಯ ಮೇಲಿನ ಹಳೆಯ ಆಟವನ್ನು ಯಾರೂ ಅಳಿಸುವಂತಿರಲಿಲ್ಲ. ಈ ಕಟ್ಟಳೆ ಯಾಕೆ ಎಂದು ಯಾರೂ ಕೇಳಿರಲಿಲ್ಲ. ಸೋತವರು ಯಾವಾಗಲೂ ಕೇಳಿಯೇ ಕೇಳುತ್ತಿದ್ದರು.

ಆ ಮಳೆಗಾಲದ ಮೊದಲಲ್ಲಿ ನರಿ ಒಂದು ಉಪಾಯ ಕಂಡುಕೊಂಡಿತು. ಆಟ ಶುರುವಾಗುತ್ತಲೇ ಒಂದು ಬೀಜ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಸರಕು ತುಂಬಿಕೊಂಡು, ಎಲೆಯ ಕೆಳಗೆ ಆ ಒಂದೇ ಒಂದು ಬೀಜ ಇಟ್ಟಿತು. ಗಿರಾಕಿಗಳೆಲ್ಲ ಅದರ ಅಂಗಡಿಗೇ ನುಗ್ಗಿದರು. ಸರಕು ಮುಗಿಯಲೇ ಇಲ್ಲ, ಪಕ್ಕದ ಅಂಗಡಿಗೆ ಯಾರೂ ಹೋಗಲೇ ಇಲ್ಲ. ಉಳಿದ ಮೂವರೂ ಸುಂಕ ಕಟ್ಟಿ ಕಟ್ಟಿ ಬಾಗಿಲು ಹಾಕಿದರು. ಮೂರನೆಯ ಬಾಗಿಲು ಬಿದ್ದ ಮರುಸುತ್ತಿನಲ್ಲಿ ನರಿಯ ಎಲೆ ಗುಡ್ಡದಂತೆ ಉಬ್ಬಿತ್ತು. ಕೆಳಗೆ ಅಷ್ಟು ಬೀಜಗಳಿದ್ದವು.

ಬೆಳಿಗ್ಗೆ ಒಂದು ಬೀಜಕ್ಕೆ ಕೊಟ್ಟ ಸರಕೇ ಅಲ್ಲವೇ ಇದು ಎಂದು ಮುಳ್ಳುಹಂದಿ ಕೇಳಿತು.

“ಅದೇ ಸರಕು ಮುಳ್ಳಕ್ಕ, ಆದರೆ ಬೆಲೆ ಇಡುವವನು ನಾನಲ್ಲ, ಸಂತೆ” ಎಂದಿತು ನರಿ.

ಸಂತೆಯಲ್ಲಿ ಆಗ ಅದೊಂದೇ ಉಳಿದಿತ್ತು.

ಅಂದು ನರಿ ನಾಲ್ಕೂ ಬುತ್ತಿ ತಿಂದು, ಗೆಲುವಿನ ಗುರುತಿಗೆ ಬಾಲಕ್ಕೆ ಕೆಮ್ಮಣ್ಣಿನ ಒಂದು ಪಟ್ಟೆ ಬಳಿದುಕೊಂಡಿತು. ಮರುದಿನ ಇನ್ನೊಂದು ಪಟ್ಟೆ. ಅದರ ಮರುದಿನ ಮತ್ತೊಂದು. ನೋಡುವುದಕ್ಕೆ ಬಾಲ ಚೆನ್ನಾಗಿಯೇ ಇತ್ತು.

ತೊಂದರೆ ಏಡಿಯದ್ದು. ನರಿ ಏಡಿ ಹಿಡಿಯುತ್ತಿದ್ದದ್ದು ಬಾಲದಿಂದ. ಹಳ್ಳದ ದಂಡೆಯಲ್ಲಿ ಕೂತು ಏಡಿಯ ಬಿಲಕ್ಕೆ ಬಾಲ ಇಳಿಬಿಡುವುದು, ಏಡಿ ಕಚ್ಚಿದ ಕೂಡಲೇ ಎಳೆದುಕೊಳ್ಳುವುದು. ಈಗ ಬಾಲ ನೀರಿಗೆ ಬಿಟ್ಟರೆ ಪಟ್ಟೆ ತೊಳೆದುಹೋಗುತ್ತದೆ. ಆದ್ದರಿಂದ ನರಿ ಬುತ್ತಿ ತರುವುದನ್ನೇ ಬಿಟ್ಟಿತು. ಹೇಗೂ ಗೆಲ್ಲುವವನು ನಾನೇ, ನನ್ನ ಬುತ್ತಿ ನನಗೇ ಬರುವುದಾದರೆ ಹೊತ್ತು ತರುವುದೇಕೆ ಎಂದು ಕೇಳಿತು. ಲೆಕ್ಕವೇನೋ ಸರಿಯಾಗಿಯೇ ಇತ್ತು.

ಉಳಿದವರು ಸುಮ್ಮನೆ ಕೂತಿರಲಿಲ್ಲ. ಆದರೆ ಬೆಲೆ ಇಳಿಸುವುದು ಮುಳ್ಳುಹಂದಿಯಿಂದ ಆಗಲಿಲ್ಲ. ಅದರ ಅಂಗಡಿಯ ಕಲ್ಲುಗಳಿಗೆ ಗೆಣಸು ಎಂದು ಹೆಸರು. ಆಟದ ಗೆಣಸಾದರೇನು, ಅಗೆದ ಕೂಲಿಯಾದರೂ ಹುಟ್ಟಬೇಡವೇ ಎಂದು ಪ್ರತಿ ಸಲವೂ ಅದು ಅಷ್ಟೇ ಬೀಜ ಇಡುತ್ತಿತ್ತು. ಅಳಿಲು ನರಿಯಂತೆಯೇ ಆಡಲು ಹೋಗಿ, ಸರಕು ತುಂಬಿಕೊಳ್ಳುವ ಮೊದಲೇ ಬೀಜವನ್ನೆಲ್ಲ ಅಭ್ಯಾಸಬಲದಿಂದ ಮಣ್ಣಿನಲ್ಲಿ ಹೂತಿಟ್ಟು ಜಾಗ ಮರೆಯಿತು.

ಕರಡಿ ಒಂದು ದಿನ ಎಲೆಯ ಕೆಳಗೆ ಏನೂ ಇಡಲಿಲ್ಲ. ಒಂದು ಬೀಜಕ್ಕಿಂತ ಅಗ್ಗವೆಂದರೆ ಧರ್ಮಕ್ಕೆ ಕೊಡುವುದು, ಅಷ್ಟು ಅದಕ್ಕೆ ಗೊತ್ತಿತ್ತು. ಗಿರಾಕಿಗಳೆಲ್ಲ ಇನ್ನೇನು ಕರಡಿಯ ಅಂಗಡಿಗೆ ಹೋಗಬೇಕು, ಅಷ್ಟರಲ್ಲಿ ನರಿ ಅಡ್ಡ ಬಂತು.

“ಎಲೆಯ ಕೆಳಗೆ ಬೀಜ ಇಲ್ಲ ಅಂದರೆ ಅಂಗಡಿ ಮುಚ್ಚಿದೆ ಅಂತ ಅರ್ಥ, ಕರಡಿಯಣ್ಣ. ಧರ್ಮಕ್ಕೆ ಅಂತ ಅಲ್ಲ. ಇದು ಸಂತೆ, ಛತ್ರ ಅಲ್ಲ.”

ಹಾಗೆ ಕಟ್ಟಳೆ ಎಲ್ಲಿದೆ ಎಂದು ಕರಡಿ ಕೇಳಿತು. ಈಗ ಹೇಳಿದೆನಲ್ಲ, ಇನ್ನು ಮೇಲೆ ಇದೆ ಎಂದಿತು ನರಿ. ಕರಡಿ ಅರ್ಧ ದಿನ ಯೋಚಿಸಿತು. ಅಷ್ಟರಲ್ಲಿ ಆಟ ಮುಗಿದಿತ್ತು.

ಜುಲೈ ಒಂಬತ್ತರಂದು ಗೆದ್ದ ನರಿ ಎಂದಿನಂತೆ ಉಳಿದವರು ತಂದ ಮೂರು ಬುತ್ತಿಗಳನ್ನು ತಿಂದು, ಬಾಲಕ್ಕೆ ಪಟ್ಟೆ ಬಳಿದುಕೊಂಡು, ಸೋತವರ ಮಾತಿಗಾಗಿ ಕಾಯಿತು. ಕರಡಿ ಎದ್ದು ಹಿಂಬದಿಯ ಮಣ್ಣು ಕೊಡವಿಕೊಂಡಿತು. ಮುಳ್ಳುಹಂದಿ ಬಿಲದ ಬಾಯಲ್ಲಿ ನೀರು ನಿಂತಿದೆ, ನೋಡಬೇಕು ಎಂದಿತು. ಯಾರೂ ‘ಮತ್ತೊಂದಾಟ’ ಎನ್ನಲಿಲ್ಲ.

ಏನೋ ಮರೆತಿರಲ್ಲ ಎಂದು ನರಿ ನೆನಪಿಸಿತು.

ಅಳಿಲು ತಿರುಗಿ ನೋಡಿತು. “ಇನ್ನೇನು ಆಡೋದು ನರಿ ಭಾವ? ಎಲೆ ಎತ್ತೋಕೆ ಮುಂಚೆಯೇ ನಿನ್ನ ಬೆಲೆ ಗೊತ್ತು. ಆಡೋಕೆ ಮುಂಚೆಯೇ ನಮ್ಮ ಊಟ ಗೊತ್ತು. ಗೊತ್ತಿರೋದನ್ನ ಕೂತು ನೋಡೋಕೆ ಬಂಡೆ ಯಾಕೆ ಬೇಕು?”

ಹಾಗೆ ಹೇಳಿ ಅದು ಮರ ಹತ್ತಿತು.

ಆಟ ಬೇಡವೆಂದು ಅವರು ಮುಖ ತಿರುಗಿಸಿಕೊಂಡದ್ದಲ್ಲ. ಮಳೆ ಹಿಡಿದ ದಿನಗಳಲ್ಲಿ ಆ ಕಾಡಿನಲ್ಲಿ ಬೇರೆ ಹೊತ್ತುಗಳೆಯುವ ದಾರಿ ಇರಲಿಲ್ಲ. ಅಳಿಲು ಕೊಂಬೆಯ ಮೇಲೆ ಒಬ್ಬಂಟಿಯಾಗಿ ಎಲೆ ಎತ್ತಿ ಎತ್ತಿ ನೋಡುತ್ತಿತ್ತು. ಕರಡಿ ನಿದ್ದೆಯಲ್ಲಿ ಕವಡೆ ಹಾಕುತ್ತಿತ್ತು. ಆದರೂ ಯಾರೂ ಆ ಮಾತು ಆಡಲಿಲ್ಲ. ತಮ್ಮ ತಮ್ಮ ಬುತ್ತಿಯನ್ನು ತಾವೇ ತಿಂದು ಮಲಗಿದರು.

ನರಿ ಬಂಡೆಯ ಮೇಲೆಯೇ ಉಳಿಯಿತು. ಮಳೆಗೆ ಗೆರೆಗಳು ಅಳಿಸಿ ಗೆಲುವು ಹೋದೀತೆಂದು ಬಂಡೆಗೆ ತೇಗದ ಎಲೆ ಹೊದಿಸಿತು. ಇಡೀ ಸಂತೆ ಅದರದ್ದೇ ಆಗಿತ್ತು. ಅಂಗಡಿಗಳೆಲ್ಲ ಮುಚ್ಚಿದ್ದವು, ಬೀಜವೆಲ್ಲ ಅದರ ಮುಂದೆ ರಾಶಿ ಬಿದ್ದಿತ್ತು. ಒಂದೆರಡು ಬೀಜ ಜಗಿದು ನೋಡಿತು. ಒಗರಾಗಿದ್ದವು.

ಹಸಿವು ಹೆಚ್ಚಿದಾಗ ಹಳ್ಳಕ್ಕೆ ಹೋಗಿ, ಬಾಲವನ್ನು ಬೆನ್ನ ಮೇಲೆ ಎತ್ತಿ ಹಿಡಿದು, ಏಡಿಯ ಬಿಲಕ್ಕೆ ಮುಂಗಾಲು ಹಾಕಿತು. ಏಡಿ ಕಾಲನ್ನು ಕಚ್ಚಿತು, ನೋವಿಗೆ ನರಿ ಕಾಲು ಕೊಡವಿತು, ಏಡಿ ನೀರಿಗೆ ಬಿತ್ತು.

ಆಮೇಲೆ ನರಿ ಬೆಲೆ ಇಳಿಸಲು ತೊಡಗಿತು. ಅದಕ್ಕೆ ಬರುತ್ತಿದ್ದದ್ದು ಅದೊಂದೇ ವಿದ್ಯೆ. ಮುಳ್ಳುಹಂದಿಯ ಬಿಲಕ್ಕೆ ಹೋಗಿ, ಇನ್ನು ಮೇಲೆ ಅರ್ಧ ಬುತ್ತಿ ತಂದರೆ ಸಾಕು ಎಂದಿತು. ಕರಡಿಗೆ ಕಾಲು ಬುತ್ತಿ ಎಂದಿತು. ಅಳಿಲಿಗೆ, ಯಾರಿಗೂ ಹೇಳಬೇಡ, ಬರೀ ಕೈಯಲ್ಲಿ ಬಾ ಎಂದಿತು. ಅಳಿಲು ಎಲ್ಲರಿಗೂ ಹೇಳಿತು. ಮೂವರೂ ಸೇರಿ ನಕ್ಕರು, ಆದರೆ ಬಂಡೆಯ ಕಡೆಗೆ ಹೋಗಲಿಲ್ಲ.

ಕೊನೆಗೆ ನರಿ ಮೂವರನ್ನೂ ಒಟ್ಟಿಗೆ ಕರೆಯಿತು. ಆ ಮಾತು ಆಡಲು ನಿಮಗೆ ಏನು ಬೇಕು ಹೇಳಿ, ಕೊಡುತ್ತೇನೆ ಎಂದಿತು. ಸಂತೆಯಲ್ಲಿ ಮಾಡುವಂತೆಯೇ ಮಾಡೋಣ, ನಾವು ಮೂವರೂ ನಮ್ಮ ಬೆಲೆಯನ್ನು ಎಲೆಯ ಕೆಳಗೆ ಇಡುತ್ತೇವೆ, ನೀನು ಅಗ್ಗದ್ದನ್ನು ಕೊಂಡುಕೋ ಎಂದಿತು ಅಳಿಲು.

ನರಿಯ ಕಣ್ಣು ಅರಳಿತು. ಬೇಕಾದದ್ದು ಒಬ್ಬರ ಮಾತು, ಮಾರುವವರು ಮೂವರು. ಒಬ್ಬರ ಮೇಲೊಬ್ಬರು ಬೆಲೆ ಇಳಿಸಿಯೇ ಇಳಿಸುತ್ತಾರೆ ಎಂದುಕೊಂಡಿತು.

ಅದೇ ಹೊತ್ತಿಗೆ ಪಕ್ಕದ ಕಾಡಿನ ಒಂದು ಗೊರವಂಕ ದಾರಿಯಲ್ಲಿ ಹೋಗುತ್ತಾ ಇದ್ದದ್ದು, ಗುಂಪು ಕಂಡು ಕೊಂಬೆಯ ಮೇಲೆ ಕೂತಿತು. ಏನು ವ್ಯಾಪಾರ ಎಂದು ವಿಚಾರಿಸಿ ತಿಳಿದುಕೊಂಡಿತು.

ಮೂರು ಎಲೆಗಳೂ ಒಟ್ಟಿಗೆ ಎದ್ದವು. ಮೂರರ ಕೆಳಗೂ ಏನೂ ಇರಲಿಲ್ಲ.

ಧರ್ಮಕ್ಕೇ ಆಯಿತಲ್ಲ ಎಂದು ನರಿ ಕುಣಿದಾಡಿತು.

ಕರಡಿ ಗಂಟಲು ಸರಿಮಾಡಿಕೊಂಡಿತು. ಅರ್ಧ ದಿನ ಯೋಚಿಸಿದ್ದು ಅದಕ್ಕೆ ಈಗ ಉಪಯೋಗಕ್ಕೆ ಬಂತು. “ಬೀಜ ಇಲ್ಲ ಅಂದರೆ ಅಂಗಡಿ ಮುಚ್ಚಿದೆ ಅಂತ ಅರ್ಥ ಕಣಪ್ಪ. ನೀನೇ ಹೇಳಿದ್ದು.”

ಗೊರವಂಕಕ್ಕೆ ಹೊತ್ತಾಗಿತ್ತು. ಬೆಲೆ ಕುದುರದ ವ್ಯಾಪಾರ ನೋಡಿ ಫಲವೇನು ಎಂದು ಹಾರಿಹೋಯಿತು.

ಮರುದಿನ ಬೆಳಿಗ್ಗೆ ಮೂವರೂ ಬುತ್ತಿ ಕಟ್ಟಿಕೊಂಡು ಬಂಡೆಯ ಬಳಿಗೆ ಬಂದು ಸ್ವಲ್ಪ ದೂರದಲ್ಲಿ ಕೂತರು. ಜೇನಿನ ವಾಸನೆ ಗಾಳಿಯಲ್ಲಿ ಬಂತು. ನರಿಯ ಹೊಟ್ಟೆ ಗುರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಸೋತವರು ತಾನೇ ಆ ಮಾತು ಆಡಬೇಕಾದದ್ದು, ಸರಿ, ಈ ಕೊನೆಯ ಆಟ ನಾನೇ ಸೋತೆ ಎಂದುಕೊಳ್ಳಿ, ಆ ಮಾತನ್ನೂ ನಾನೇ ಆಡುತ್ತೇನೆ ಎಂದಿತು ನರಿ.

ಮುಳ್ಳುಹಂದಿ ಅದರ ಹಿಂದೆ ನೋಡಿತು. “ನಿನ್ನ ಬಾಲ ಹಾಗೆ ಹೇಳ್ತಿಲ್ಲವಲ್ಲ.”

ನರಿ ಬಾಲದ ತುದಿಯ ಒಂದು ಪಟ್ಟೆಯನ್ನು ಜೋಪಾನವಾಗಿ ನೆಕ್ಕಿ ಅಳಿಸಿತು. ಮೂವರೂ ಉಳಿದ ಪಟ್ಟೆಗಳ ಕಡೆಗೆ ನೋಡಿದರು. ಇನ್ನೊಂದು ಅಳಿಸಿತು. ಎದುರಾಳಿಗಳಿರುವಾಗ ಒಂದು ಬೀಜದ ಮೇಲೆ ಎಂದೂ ಏರದಿದ್ದ ನರಿ ಅಂದು ಪಟ್ಟೆಯ ಮೇಲೆ ಪಟ್ಟೆ ಏರಿಸುತ್ತಾ ಹೋಯಿತು. ಬಾಯೆಲ್ಲ ಕೆಮ್ಮಣ್ಣಾಯಿತು. ಅರ್ಧ ಬಾಲಕ್ಕೆ ಬಂದಾಗ, ಇಷ್ಟಕ್ಕೆ ಮುಗಿಸೋಣವೇ ಎಂದು ಕೇಳಿತು.

ಸೋತವರು ಬುತ್ತಿಯನ್ನೂ ತರಬೇಕಲ್ಲವೇ, ನಾವು ಇಷ್ಟು ದಿನ ತಂದೆವಲ್ಲ ಎಂದಷ್ಟೇ ಹೇಳಿತು ಮುಳ್ಳುಹಂದಿ. ಹೇಳಿದ್ದು ಮೆತ್ತಗೆ. ಆದರೆ ಅದರ ಮುಳ್ಳುಗಳು ಎದ್ದು ನಿಂತಿದ್ದವು.

ನರಿ ಬಹಳ ಹೊತ್ತು ಹಳ್ಳದ ಕಡೆಗೂ ಬಾಲದ ಕಡೆಗೂ ನೋಡಿತು. ಆಮೇಲೆ ಎದ್ದು ಹೋಗಿ ದಂಡೆಯಲ್ಲಿ ಬೆನ್ನು ತಿರುಗಿಸಿ ಕೂತಿತು. ಕಣ್ಣು ಮುಚ್ಚಿಕೊಂಡು ಬಾಲವನ್ನು ಬಿಲಕ್ಕೆ ಇಳಿಬಿಟ್ಟಿತು. ನೀರು ಕೆಂಪಗೆ ಹರಿಯಿತು.

ಎರಡು ದಿನ ಬಿಟ್ಟು ಗೊರವಂಕ ಅದೇ ದಾರಿಯಲ್ಲಿ ಮರಳಿ ಬಂತು. ಬಂಡೆಯ ಮೇಲೆ ಹೊಸ ಗೆರೆಗಳು. ನಾಲ್ವರೂ ತಲೆ ತಗ್ಗಿಸಿ ಕೂತಿದ್ದರು. ನಾಲ್ಕು ಎಲೆಗಳಲ್ಲಿ ಯಾವುದರ ಕೆಳಗೆ ಎಷ್ಟಿದೆಯೆಂದು ಹೇಳುವಂತಿರಲಿಲ್ಲ. ನರಿಯ ಬಾಲ ತೊಳೆದಂತಿತ್ತು, ತುದಿ ಸ್ವಲ್ಪ ಊದಿಕೊಂಡಿತ್ತು. ಅದು ಸೋಲುತ್ತಿದ್ದಂತೆ ಕಾಣುತ್ತಿತ್ತು. ಆದರೆ ಕರಡಿಯ ಜೇನು ತಿಂದು ಬಾಯಿ ಒರೆಸಿಕೊಂಡ ಗುರುತು ಅಳಿಲಿನ ಮೀಸೆಯಲ್ಲಿತ್ತು, ಅಳಿಲಿನ ನೇರಳೆಯ ಬಣ್ಣ ನರಿಯ ನಾಲಗೆಯಲ್ಲಿತ್ತು. ಅಂದರೆ ನಿನ್ನೆ ಮೊನ್ನೆ ಯಾರು ಯಾರೋ ಗೆದ್ದಿದ್ದರು.

ಗೊರವಂಕ ಅಳಿಲಿನ ಪಕ್ಕಕ್ಕೆ ಇಳಿದು ಕಿವಿಯ ಹತ್ತಿರ ಕೇಳಿತು. “ಅವತ್ತು ಬೆಲೆ ಕುದುರಿರಲಿಲ್ಲ. ಕೊನೆಗೆ ಎಷ್ಟಕ್ಕೆ ಆಯಿತು?”

ಅಳಿಲು ಎಲೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಅದುವರೆಗೆ ಗೆದ್ದ ಆಟ ಎಲ್ಲಾ ಕೊಟ್ಟ. ಅದರ ಮೇಲೆ ಒಂದು ಏಡಿ.”

ನೀತಿ: ಸೋತವರಿಗೆ ಮತ್ತೆ ಆಡುವ ಆಸೆಯನ್ನು ಉಳಿಸದೆ ಗೆದ್ದವನು, ಮುಂದಿನ ಆಟಕ್ಕೆ ತನ್ನ ಗೆಲುವನ್ನೇ ಬೆಲೆಯಾಗಿ ಕೊಡಬೇಕಾಗುತ್ತದೆ.