ತೊಳೆದಿಟ್ಟಂತಿದ್ದ ಮೆಟ್ಟಿಲು

“ಗುರುಗಳೇ, ಮಾಡಿದ್ದನ್ನು ಯಾರೂ ನೋಡಲಿಲ್ಲ, ಯಾರು ಅತ್ತದ್ದೂ ಕೇಳಿಸಲಿಲ್ಲ. ಹಾಗಿದ್ದರೂ ಅದನ್ನು ತಪ್ಪು ಎನ್ನಬೇಕೇ?” ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಗುರುಗಳಿಗೆ ರೇಗಿತು. “ಅಬ್ಬಬ್ಬಾ, ಏನು ಜಾಣ ಪ್ರಶ್ನೆಯಪ್ಪಾ! ಕೂತುಕೋ. ನಡುವೆ ಬಾಯಿ ಹಾಕಬೇಡ” ಎಂದು ಕತೆ ಹೇಳತೊಡಗಿದರು.

ಹೊಳೆಯ ದಂಡೆಯಲ್ಲಿ ಒಬ್ಬ ಕಂಚುಗಾರನಿದ್ದ. ತಾಮ್ರದ ಕೊಡಗಳನ್ನು ಕಟುವಾದ ಹುಳಿನೀರಿನಲ್ಲಿ ಅದ್ದಿ ಬೆಳಗುತ್ತಿದ್ದ, ಉಳಿದ ನೀರನ್ನು ಹೊಳೆಗೆ ಚೆಲ್ಲುತ್ತಿದ್ದ. ಅವನ ಹಿರಿಯರು ಒಂದು ಕಟ್ಟಳೆ ಇಟ್ಟಿದ್ದರು. ಚೆಲ್ಲುವ ಮೊದಲು ನೀರೊಳಗಿನ ಕಲ್ಲಿನ ಹಾವಸೆಯನ್ನು, ಅಂದರೆ ಪಾಚಿಯನ್ನು, ನೋಡಬೇಕು. ಹಾವಸೆಗೆ ಬೇರಿಲ್ಲ. ಅದು ಮೈಯೆಲ್ಲ ಬಾಯಾಗಿ ಹೊಳೆಯನ್ನು ಕುಡಿಯುತ್ತದೆ, ಕುಡಿದ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಅದು ಹಸಿರಾಗಿದ್ದರೆ ಸರಿ. ಕಪ್ಪಾದರೆ ಹೊಳೆಗೆ ಹನಿಯೂ ಬೀಳಬಾರದು, ದೂರದಲ್ಲಿ ಗುಂಡಿ ತೋಡಿ ಚೆಲ್ಲಬೇಕು.

ಒಂದು ವರ್ಷ ಹಾವಸೆ ಕಪ್ಪಾಯಿತು. ಗುಂಡಿ ತೋಡಲು ಈ ಮಹರಾಯನಿಗೆ ಸೋಮಾರಿತನ. ಬೂದಿ, ತೆಂಗಿನ ನಾರು ಹಿಡಿದು ಕಲ್ಲನ್ನೇ ಉಜ್ಜಿಬಿಟ್ಟ. ನೋಡಲು ಹಾವಸೆಯೇ ಇಲ್ಲವಲ್ಲ, ಇನ್ನೇನು! ನಿಶ್ಚಿಂತೆಯಿಂದ ಚೆಲ್ಲುತ್ತಾ ಹೋದ.

ಅದೇ ಹೊಳೆಯ ಕೆಳಗಿನ ಊರಿಗೆ ಅವನು ತನ್ನ ಒಬ್ಬಳೇ ಮಗಳನ್ನು ಕೊಟ್ಟಿದ್ದ. ಅವಳೀಗ ತುಂಬು ಬಸುರಿ. ಹೆರಿಗೆಗೆ ತವರಿಗೆ ಕರೆತರಲು ಹೊರಟ. ದಾರಿಯುದ್ದಕ್ಕೂ ಅವನಿಗೆ ಒಂದೇ ದಿಗಿಲು. ಆ ಊರಿನ ಹೊಳೆಮೆಟ್ಟಿಲುಗಳ ಮೇಲೆ ಹಾವಸೆ ಜಾಸ್ತಿ, ಮಗಳು ಜಾರಿ ಬಿದ್ದರೆ ಗತಿಯೇನು?

ಬಂದು ನೋಡಿದರೆ ಮೆಟ್ಟಿಲುಗಳು ತೊಳೆದಿಟ್ಟಂತಿದ್ದವು. ಊರವರು ಸಂತೋಷದಿಂದ ಅವಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು. ನೀರು ತಳ ಕಾಣುವಷ್ಟು ತಿಳಿ. ಕಪ್ಪೆಯ ಸದ್ದಿರಲಿಲ್ಲ. ಮಗಳಿಗೆಂದು ತಂದ ಮಂಡಕ್ಕಿಯಲ್ಲಿ ಒಂದು ಹಿಡಿ ನೀರಿಗೆ ಎಸೆದ. ಒಂದು ಮೀನೂ ಬರಲಿಲ್ಲ. ಮಂಡಕ್ಕಿ ಹಾಗೇ ತೇಲಿಹೋಯಿತು.

ಮಗಳು ನೀರಿಗೆಂದು ಮೆಟ್ಟಿಲಿಳಿದು ಬಂದಳು.

“ಯಾರಮ್ಮ ಇದನ್ನು ಉಜ್ಜಿದವರು?” ಎಂದು ಕಂಚುಗಾರ ಕೇಳಿದ.

“ಯಾರೂ ಇಲ್ಲ ಅಪ್ಪಯ್ಯ. ಮೊದಲು ಕಪ್ಪಾಯಿತು, ಆಮೇಲೆ ತಾನಾಗಿಯೇ ಉದುರಿಹೋಯಿತು. ನಾನು ಜಾರಬಾರದು ಅಂತ ಹೊಳೆತಾಯಿಯೇ ಹಾಗೆ ಮಾಡಿದಳು ಅಂತಾರೆ ಅತ್ತೆ.”

ಅವನು ಬಗ್ಗಿ ಮೆಟ್ಟಿಲ ಸಂದಿಗೆ ಬೆರಳು ಹಾಕಿದ. ಉಳಿದಿದ್ದ ಒಂದೆಳೆ ಹಾವಸೆ ಕೈಗೆ ಬಂದು ಮಸಿಯ ಹಾಗೆ ಕರಗಿಹೋಯಿತು. ಭಯಕ್ಕೆ ಅವನ ನಾಲಗೆ ಒಣಗಿತು. ಅಪ್ಪನಿಗೆ ಬಾಯಾರಿದೆ ಎಂದುಕೊಂಡ ಮಗಳು ಚೊಂಬು ತುಂಬಿ ಮುಂದೆ ಹಿಡಿದಳು.

“ದಣಿದು ಬಂದಿದ್ದೀರಿ, ಕುಡಿಯಿರಿ. ಎಷ್ಟು ತಿಳಿಯಾಗಿದೆ ನೋಡಿ.”

ಚೊಂಬು ಹಿಡಿದ ಅವಳ ಉಗುರುಗಳ ಬುಡ ಕಪ್ಪಗಿತ್ತು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

“ಅವನು ಕುಡಿದನೇ, ಗುರುಗಳೇ?” ಎಂದು ಶಂಭುಲಿಂಗ ಕೇಳಿದ.

“ಅವನು ಕುಡಿದರೇನು, ಬಿಟ್ಟರೇನು? ಮಗಳು ಕುಡಿದಾಗಿತ್ತು.”