ಕಾಲಿಡಲಾರದ ಹಲಗೆ

ನದಿ ಕಡಲು ಸೇರುವ ಅಳಿವೆಯ ಪಕ್ಕದಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ಹೆಚ್ಚೇನಿಲ್ಲ. ಒಂದು ಹೆಂಚಿನ ಮನೆ, ಅದಕ್ಕೊಂದು ಉದ್ದನೆಯ ಜಗಲಿ, ಜಗಲಿಯ ಗೋಡೆಗೆ ಒರಗಿಸಿಟ್ಟ ಕೆಲವು ಹಲಗೆಗಳು.

ಅವು ಅಲೆಯ ಮೇಲೆ ನಿಂತು ಸವಾರಿ ಮಾಡುವ ಹಲಗೆಗಳು. ಪೇಟೆಯವರು ಅದಕ್ಕೆ ಸರ್ಫಿಂಗ್ ಅನ್ನುತ್ತಾರೆ. ಹಿಂದೆ ಯಾವಾಗಲೋ ಧ್ಯಾನ ಕಲಿಯಲು ಬಂದ ಹೊರದೇಶದವನೊಬ್ಬ ಹೋಗುವಾಗ ತನ್ನ ಹಲಗೆಯನ್ನು ಸ್ವಾಮಿಗಳಿಗೆ ಕೊಟ್ಟು ಹೋಗಿದ್ದ. ಸ್ವಾಮಿಗಳು ಮೊದಲು ಅದರ ಮೇಲೆ ಮಲಗಿ ನೋಡಿದರು, ಆಮೇಲೆ ಕೂತು ನೋಡಿದರು, ಕಡೆಗೆ ನಿಂತೇಬಿಟ್ಟರು. ಅಂದಿನಿಂದ ಯಾರು ಏನು ಕಲಿಯಲು ಬಂದರೂ ಮೊದಲು ನೀರಿಗೆ ಇಳಿಸುವುದು ಅವರ ಪದ್ಧತಿಯಾಯಿತು. ಮೀನುಗಾರರ ಬಾಯಲ್ಲಿ ಅವರು ಹಲಗೆ ಸ್ವಾಮಿ.

ಫಕೀರಪ್ಪ ಗದಗಿನ ಕಡೆಯವನು, ಬಸ್ ಕಂಡಕ್ಟರ್. ಡಿಪೋದ ಗೆಳೆಯರ ಜೊತೆ ಕಡಲು ನೋಡಲು ಬಂದು ಆಶ್ರಮದಲ್ಲಿ ಇಳಿದುಕೊಂಡವನು ಟೈಫಾಯಿಡ್ ಹಿಡಿದು ಹಾಸಿಗೆಗೆ ಬಿದ್ದ. ಗೆಳೆಯರಿಗೆ ರಜೆ ಮುಗಿದಿತ್ತು. ಇವನನ್ನು ಇಲ್ಲೇ ಬಿಟ್ಟು ಹೋಗಿ, ನಾನು ನೋಡಿಕೊಳ್ಳುತ್ತೇನೆ ಎಂದರು ಸ್ವಾಮಿಗಳು.

ಡಾಕ್ಟರು ಔಷಧ ಕೊಟ್ಟು ಹೋದರು. ಹಣೆಗೆ ಒದ್ದೆ ಬಟ್ಟೆ ಹಾಕಿದವರು, ಗಂಜಿಯನ್ನು ಚಮಚದಲ್ಲಿ ಕುಡಿಸಿದವರು, ವಾಂತಿ ಬಾಚಿದವರು ಸ್ವಾಮಿಗಳೇ. ಹೆಂಡತಿ ತೀರಿಕೊಂಡ ಮೇಲೆ ಫಕೀರಪ್ಪನನ್ನು ಅಷ್ಟು ಅಕ್ಕರೆಯಿಂದ ಯಾರೂ ಮುಟ್ಟಿರಲಿಲ್ಲ.

ಜ್ವರ ಬಿಟ್ಟಿತು. ಫಕೀರಪ್ಪ ಆಶ್ರಮ ಬಿಡಲಿಲ್ಲ. ಡಿಪೋಗೆ ಫೋನ್ ಮಾಡಿ ಸಂಬಳವಿಲ್ಲದ ರಜೆ ಕೇಳಿಕೊಂಡು ಅಲ್ಲೇ ಉಳಿದ.

ಉಳಿದವನು ಸುಮ್ಮನಿದ್ದರೆ ತೊಂದರೆ ಇರಲಿಲ್ಲ. ಸ್ವಾಮಿಗಳು ಏಳುವ ಮೊದಲೇ ಎದ್ದು ಅವರ ಚಪ್ಪಲಿ ಒರೆಸುವುದು, ಅವರು ಹೋದಲ್ಲೆಲ್ಲ ಹಿಂದೆ ಹೋಗುವುದು, ಅವರ ನೆರಳನ್ನೂ ತುಳಿಯದಂತೆ ಸುತ್ತು ಬಳಸಿ ನಡೆಯುವುದು. ತಿರುಗಿದರೆ ಇವನಿಗೆ ಎಡವಿ ಬೀಳಬೇಕು, ಹಾಗಾಗಿತ್ತು ಸ್ವಾಮಿಗಳ ಪಾಡು.

ಒಂದು ದಿನ ಅವರು ಕೇಳಿದರು, "ಊರಿಗೆ ಹೋಗುವುದಿಲ್ವಾ ಫಕೀರಪ್ಪ?"

"ಇಲ್ರಿ ಅಜ್ಜಾರ. ಈ ಜೀವಾ ನೀವು ಕೊಟ್ಟದ್ದು. ಇನ್ನ ನಿಮ್ಮ ಪಾದದಾಗ ಇರ್ತೀನಿ."

ಸ್ವಾಮಿಗಳು ಎದ್ದು ಜಗಲಿಯ ಕೊನೆಗೆ ಹೋಗಿ, ಹಲಗೆಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ತಂದು ಅವನ ಮುಂದಿಟ್ಟರು. ಅದು ಅವರೇ ಮೊದಲು ನಿಂತ ಹಲಗೆ. ಆಯುಧಪೂಜೆಯ ದಿನ ಹಚ್ಚಿದ ಕುಂಕುಮ ಅದರ ಮೂತಿಯಲ್ಲಿ ಇನ್ನೂ ಇತ್ತು.

"ಮಳೆ ಹಿಡಿಯುವುದರೊಳಗೆ ಒಂದೇ ಒಂದು ಅಲೆಯ ಮೇಲೆ ನಿಂತು ತೋರಿಸು. ನಿಂತರೆ ಇಲ್ಲೇ ಇರು. ಇಲ್ಲದಿದ್ದರೆ ನಿನ್ನ ಊರಿನ ಬಸ್ಸು ಉಂಟಲ್ಲ, ಹತ್ತು."

ಫಕೀರಪ್ಪನಿಗೆ ಒಳಗೊಳಗೇ ನಗು ಬಂತು. ತಗ್ಗುದಿಣ್ಣೆಯ ರಸ್ತೆಯಲ್ಲಿ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ, ಏನನ್ನೂ ಹಿಡಿಯದೆ ನಿಂತು ಟಿಕೆಟ್ ಹರಿದುಕೊಟ್ಟವನಿಗೆ ಇದೊಂದು ದೊಡ್ಡ ಮಾತೇ?

ಮಾರನೆಯ ಬೆಳಿಗ್ಗೆ ನೀರಿಗೆ ಇಳಿದಾಗ ಗೊತ್ತಾಯಿತು ಎಷ್ಟು ದೊಡ್ಡ ಮಾತೆಂದು.

ಕಲಿಸಿದ್ದು ಸುಲಭವೇ ಇತ್ತು. ಹಲಗೆಯ ಮೇಲೆ ಬೋರಲು ಮಲಗು. ಹಿಂದಿನಿಂದ ಅಲೆ ಬರುವಾಗ ಎರಡೂ ಕೈಯಿಂದ ನೀರು ತೋಡು. ಅಲೆ ಎತ್ತಿಕೊಂಡಿತು ಅನ್ನಿಸಿದ ಕೂಡಲೇ ಹಲಗೆಗೆ ಕೈಯೂರಿ, ಒಂದೇ ಸಲಕ್ಕೆ ಕಾಲು ಮುಂದೆ ತಂದು ಎದ್ದು ನಿಲ್ಲು. ಅಷ್ಟೇ.

ಫಕೀರಪ್ಪ ಮಲಗಿದ, ತೋಡಿದ. ಅಲೆ ಎತ್ತಿಕೊಂಡಿತು. ಎದ್ದ, ಬಿದ್ದ. ಮೂಗಿನೊಳಗೆ ಉಪ್ಪುನೀರು, ಕಿವಿಯೊಳಗೆ ಮರಳು. ಕಾಲಿಗೆ ಕಟ್ಟಿದ ಹಗ್ಗ ಹಿಡಿದು ಹಲಗೆಯನ್ನು ಎಳೆದುಕೊಂಡು ಮತ್ತೆ ಹೋದ, ಮತ್ತೆ ಬಿದ್ದ.

ಚಳಿಗಾಲವೆಲ್ಲ ಬಿದ್ದ. ಪೇಟೆಯ ಹೈಸ್ಕೂಲಿನ ಲವೀನಾ ಟೀಚರ್ ಭಾನುವಾರ ಭಾನುವಾರ ಕಲಿಯಲು ಬರುತ್ತಿದ್ದರು. ಬಸ್ಸಿನಲ್ಲಿ ಕಂಬಿ ಹಿಡಿದರೂ ಓಲಾಡುವ ಹೆಂಗಸು ತಾನು ಎಂದು ಅವರೇ ಹೇಳಿಕೊಂಡಿದ್ದರು. ಅವರೂ ನಿಂತರು. ನಿಂತು ದಡದವರೆಗೆ ಬಂದು, ಚಪ್ಪಾಳೆ ತಟ್ಟಿಕೊಂಡು ಕುಣಿದರು. ಫಕೀರಪ್ಪ ನೀರಲ್ಲಿ ಕೂತು ಅದನ್ನು ನೋಡಿದ. ಅವರ ಬಗ್ಗೆ ಸಂತೋಷವಾಯಿತು, ತನ್ನ ಬಗ್ಗೆ ನಾಚಿಕೆಯಾಯಿತು.

ಬೇಸಿಗೆ ಬಂತು. ಮಾವಿನ ಕಾಯಿ ಹಣ್ಣಾಯಿತು. ಅನ್ನ ಸೇರುತ್ತಿರಲಿಲ್ಲ ಅವನಿಗೆ. ಮೋಡದ ಒಂದು ತುಣುಕು ಕಂಡರೂ ಹಲಗೆ ಎತ್ತಿಕೊಂಡು ನೀರಿಗೆ ಓಡುತ್ತಿದ್ದ. ಈ ಜಗಲಿ, ಈ ಗಂಜಿ, ಈ ಮನುಷ್ಯ, ಇಷ್ಟನ್ನೂ ಬಿಟ್ಟು ಆ ಖಾಲಿ ಬಾಡಿಗೆ ಕೋಣೆಗೆ ಹೋಗಿ ಬೀಗ ತೆಗೆಯುವುದು ಹೇಗೆ ಎಂದು ಅವನಿಗೆ ಅಳು ಬರುತ್ತಿತ್ತು.

ಸ್ವಾಮಿಗಳು ದಡದಲ್ಲಿ ಕೂತು ನೋಡುತ್ತಿದ್ದರು. ಒಂದು ಬೆಳಿಗ್ಗೆ ಅವನನ್ನು ಕೂಗಿ ಕರೆದರು.

"ಏಳುವಾಗ ನಿನ್ನ ಬಲಗೈ ಎಂತ ಮಾಡ್ತದೆ?"

ಏನೂ ಇಲ್ಲವಲ್ಲ ಎಂದ ಫಕೀರಪ್ಪ.

ಇಲ್ಲೇ ಮರಳಿನ ಮೇಲೆ ಎದ್ದು ತೋರಿಸು ಎಂದರು. ಅವನು ಹಲಗೆಯನ್ನು ಮರಳಿನ ಮೇಲಿಟ್ಟು, ಮಲಗಿ, ಕೈಯೂರಿ ಎದ್ದ. ಪಾದ ಹಲಗೆಗೆ ತಾಗಿದ್ದೇ ತಡ, ಬಲಗೈ ತಾನಾಗಿ ಕೆಳಗೆ ಹೋಗಿ ಹಲಗೆಯನ್ನು ಮುಟ್ಟಿ, ಮೇಲೆ ಬಂದು ಕಣ್ಣಿಗೆ ಒತ್ತಿಕೊಂಡಿತು. ಪುಸ್ತಕಕ್ಕೆ ಕಾಲು ತಾಗಿದರೆ ನಾವೆಲ್ಲ ಮಾಡುತ್ತೇವಲ್ಲ, ಹಾಗೆ.

ಫಕೀರಪ್ಪ ತನ್ನ ಕೈಯನ್ನು ತಾನೇ ನೋಡಿಕೊಂಡ. ಅಷ್ಟು ತಿಂಗಳಿಂದ ಆ ಕೈ ಹೀಗೆ ಮಾಡುತ್ತಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

"ಅಜ್ಜಾರ, ಇದು ನೀವು ನಿಂತ ಹಲಗಿ. ಕುಂಕುಮ ಹಚ್ಚಿದ್ದು. ಇದರ ಮ್ಯಾಲೆ ಕಾಲು ಹ್ಯಾಂಗ ಇಡ್ಲಿರಿ?"

ಸ್ವಾಮಿಗಳು ಹೊಟ್ಟೆ ಹಿಡಿದು ನಕ್ಕರು. ಕಡಲಿನಲ್ಲಿ ಮುಳುಗಿದವರನ್ನು ಕಂಡಿದ್ದೆ, ಭಕ್ತಿಯಲ್ಲಿ ಮುಳುಗುವವನನ್ನು ಇವತ್ತು ಕಂಡೆ ಎಂದರು. ಮರುದಿನವೇ ಪೇಟೆಯಿಂದ ಹೊಸ ಹಲಗೆ ತರಿಸಿದರು. ಅದಕ್ಕೆ ಪೂಜೆ ಇಲ್ಲ, ಕುಂಕುಮ ಇಲ್ಲ, ಸುತ್ತಿದ ಪ್ಲಾಸ್ಟಿಕ್ಕನ್ನು ಫಕೀರಪ್ಪನೇ ಹರಿದು ತೆಗೆದ.

ಆದರೆ ಕೈ ಮತ್ತೆ ಕೆಳಗೆ ಹೋಯಿತು, ಕಣ್ಣಿಗೆ ಬಂತು. ಫಕೀರಪ್ಪ ಮತ್ತೆ ನೀರಿಗೆ ಬಿದ್ದ.

"ಇದಕ್ಕೆ ಎಂತ ಉಂಟು ಮಾರಾಯ?"

ಫಕೀರಪ್ಪ ತಲೆ ತಗ್ಗಿಸಿದ. "ಕೊಟ್ಟವರು ನೀವಲ್ರಿ."

ಸ್ವಾಮಿಗಳು ಈ ಸಲ ನಗಲಿಲ್ಲ. ಎದ್ದು ಮರಳು ಕೊಡವಿಕೊಂಡು ಮನೆಯ ಕಡೆ ನಡೆದರು.

ಆ ದಿನ ಮಧ್ಯಾಹ್ನ ಊಟವಾದ ಮೇಲೆ ಸ್ವಾಮಿಗಳು ಜಗಲಿಯಲ್ಲಿ ಚಾಪೆ ಹಾಸಿ ಬೋರಲು ಮಲಗಿದರು. ಬೆನ್ನು ಹಿಡಿದುಕೊಂಡಿದೆ, ಬಾ, ಸ್ವಲ್ಪ ತುಳಿ ಎಂದರು.

ಫಕೀರಪ್ಪ ಎಣ್ಣೆ ತಂದು ಒತ್ತಲು ಕೂತ.

"ಕೈಯಲ್ಲಿ ಅಲ್ಲ. ಹತ್ತಿ ನಿಂತು ತುಳಿ."

ಅವನು ಎರಡು ಹೆಜ್ಜೆ ಹಿಂದೆ ಸರಿದ. ಅದೊಂದು ಹೇಳಬೇಡಿ, ಕಡಲಿಗೆ ಹಾರು ಅಂದರೆ ಹಾರುತ್ತೇನೆ, ನಿಮ್ಮ ಮೇಲೆ ಕಾಲಿಡಲಾರೆ ಎಂದು ಗೋಳಾಡಿದ. ಸ್ವಾಮಿಗಳು ಅವನ ಗೋಳು ಮುಗಿಯುವವರೆಗೆ ಕಾದರು.

"ನಿನ್ನ ಅಪ್ಪ ಎಂತ ಕೆಲಸ ಮಾಡ್ತಿದ್ದ?"

ಹಮಾಲ ಎಂದ ಫಕೀರಪ್ಪ. ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ.

"ಅವನ ಬೆನ್ನು ಯಾರು ತುಳೀತಿದ್ರು?"

ಫಕೀರಪ್ಪನೇ ತುಳಿಯುತ್ತಿದ್ದ. ದಿನಾ ಸಂಜೆ ಅಪ್ಪ ಪಡಸಾಲೆಯಲ್ಲಿ ಬೋರಲು ಬೀಳುತ್ತಿದ್ದ, ಇವನು ಗೋಡೆ ಹಿಡಿದುಕೊಂಡು ಆ ಬೆನ್ನ ಮೇಲೆ ಸೊಂಟದಿಂದ ಹೆಗಲಿನವರೆಗೆ ನಡೆಯುತ್ತಿದ್ದ. ಗಟ್ಟಿ ತುಳಿಯೋ, ಉಂಡಿಲ್ಲೇನು ಎಂದು ಅಪ್ಪ ಗದರುತ್ತಿದ್ದ. ಅಪ್ಪನ ಅಂಗಿಯ ಮೆಣಸಿನ ಘಾಟಿಗೆ ಸೀನು ಬಂದು ಇವನು ಜಾರಿದರೆ ಇಬ್ಬರೂ ನಗುತ್ತಿದ್ದರು.

"ಆಗ ಪ್ರತಿ ಹೆಜ್ಜೆಗೂ ಬಗ್ಗಿ ಕಣ್ಣಿಗೆ ಒತ್ತಿಕೊಳ್ತಿದ್ದೆಯಾ?"

"ಇಲ್ರಿ."

"ಅಪ್ಪನ ಮೇಲೆ ಪ್ರೀತಿ ಇರಲಿಲ್ವಾ?"

ಫಕೀರಪ್ಪನ ಕಣ್ಣು ತುಂಬಿಕೊಂಡವು.

"ತುಳಿ," ಎಂದರು ಸ್ವಾಮಿಗಳು.

ಅವನು ಒಂದು ಕಾಲಿಟ್ಟ. ಕೈ ಕೆಳಗೆ ಹೋಗಲು ನೋಡಿತು. ಗೋಡೆ ಹಿಡಿಯಬೇಕಿತ್ತು, ಹಾಗಾಗಿ ಅದು ಗೋಡೆ ಹಿಡಿಯಿತು. ಇನ್ನೊಂದು ಕಾಲಿಟ್ಟ. ಕಾಲಡಿಯಲ್ಲಿ ಮುದುಕನ ಎಲುಬು, ಎಲುಬಿನ ಕೆಳಗೆ ಉಸಿರು. ಉಸಿರು ಎತ್ತಿದಾಗ ಅವನೂ ಮೇಲೇರಿದ, ಇಳಿದಾಗ ಇಳಿದ. ಅಳು ತಡೆಯಲಾಗದೆ ಬಿಕ್ಕಿದ.

"ಅಳಬೇಡ. ಭಾರ ಒಂದೇ ಕಡೆ ಬೀಳ್ತದೆ."

ಅಳುತ್ತಳುತ್ತಲೇ ನಗು ಬಂತು ಅವನಿಗೆ. ನಿಧಾನವಾಗಿ ಸೊಂಟದಿಂದ ಹೆಗಲಿಗೆ ನಡೆದ, ಹೆಗಲಿನಿಂದ ಸೊಂಟಕ್ಕೆ ಬಂದ. ಸ್ವಲ್ಪ ಹೊತ್ತಿಗೆ ಸ್ವಾಮಿಗಳ ಗೊರಕೆ ಕೇಳಿಸಿತು. ಇಳಿದರೆ ಎಚ್ಚರವಾದೀತೆಂದು ಅವನು ಇಳಿಯಲಿಲ್ಲ. ಗೋಡೆ ಬಿಟ್ಟು, ಆ ಉಸಿರಿನ ಮೇಲೆ ಸುಮ್ಮನೆ ನಿಂತ. ತನ್ನನ್ನು ಬದುಕಿಸಿದ ಮನುಷ್ಯ ತನ್ನ ಕಾಲಡಿಯಲ್ಲಿ ಇಷ್ಟು ನೆಮ್ಮದಿಯಾಗಿ ಮಲಗಿದ್ದಾನಲ್ಲ ಎಂದು ಅವನ ಮನಸ್ಸು ತುಂಬಿ ಬಂತು.

ಅದಾದ ಕೆಲವೇ ದಿನಕ್ಕೆ ನೈಋತ್ಯದಲ್ಲಿ ಮೋಡ ಕಟ್ಟಿತು. ಮೀನುಗಾರರು ದೋಣಿಗಳನ್ನು ದಡದ ಮೇಲೆ ದೂರಕ್ಕೆ ಎಳೆದು ತೆಂಗಿನ ಗರಿ ಮುಚ್ಚತೊಡಗಿದರು. ಇವತ್ತೇ ಕೊನೆ, ನಾಳೆಯಿಂದ ಕಡಲಿಗೆ ಇಳಿಯುವ ಹಾಗಿಲ್ಲ ಎಂದು ಸ್ವಾಮಿಗಳು ಬೆಳಿಗ್ಗೆಯೇ ಹೇಳಿದರು.

ಫಕೀರಪ್ಪ ಹೊಸ ಹಲಗೆ ಬಿಟ್ಟು ಹಳೆಯದನ್ನೇ ಎತ್ತಿಕೊಂಡ. ನೀರಿಗೆ ಇಳಿಯುವ ಮೊದಲು ಅದನ್ನು ಮರಳಿನ ಮೇಲಿಟ್ಟು ಕೈಮುಗಿದ, ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಎಷ್ಟು ಬೇಕೋ ಅಷ್ಟನ್ನೂ ಅಲ್ಲೇ ಮುಗಿಸಿ ನೀರಿಗೆ ಇಳಿದ.

ಮೊದಲ ಅಲೆ ಅವನನ್ನು ಉರುಳಿಸಿತು. ಎರಡನೆಯದು ಸಿಗಲಿಲ್ಲ. ಮೂರನೆಯದಕ್ಕೆ ತೋಡಿದ. ಹಲಗೆಯ ಹಿಂಭಾಗ ಎದ್ದಿತು, ಕೈಯೂರಿದ, ಪಾದ ಮುಂದೆ ಬಂದವು. ಎರಡೂ ಪಾದಗಳು ಹಲಗೆಯ ಮೇಲೆ ಪೂರ್ತಿಯಾಗಿ ಊರಿದವು. ಕೈಗಳು ಎರಡೂ ಗಾಳಿಯಲ್ಲಿದ್ದವು.

ಅವನು ನಿಂತಿದ್ದ.

ಕಾಲಡಿಯಲ್ಲಿ ಕಡಲು ಓಡುತ್ತಿತ್ತು, ಅವನು ನಿಂತಿದ್ದ. ತೆಂಗಿನ ಮರಗಳು, ದೋಣಿಗಳು, ಹೆಂಚಿನ ಮನೆ ಎಲ್ಲ ಅವನ ಕಡೆಗೆ ಬರುತ್ತಿದ್ದವು. ಯಾಕೋ ಅವನ ಬಸ್ಸು ನೆನಪಾಯಿತು. ಬುಟ್ಟಿ ಹೊತ್ತು ಹತ್ತುತ್ತಿದ್ದ ಮೊಸರಿನ ಮುದುಕಿ ನೆನಪಾದಳು, ಯಪ್ಪಾ ಒಂದೀಟು ಜಾಗಾ ಮಾಡಪಾ ಅನ್ನುತ್ತಿದ್ದ ಅವಳ ಮಾತು ನೆನಪಾಯಿತು. ಮೈಯೆಲ್ಲ ಸಂತೋಷವಾಗಿ, ಯಾರಿಗೆಂದು ಗೊತ್ತಿಲ್ಲದೆ, ಬಾಯಿಬಿಟ್ಟು ನಕ್ಕ.

ಹಲಗೆ ಮರಳಿಗೆ ಬಂದು ತಾಗಿತು. ಸ್ವಾಮಿಗಳು ಅವನ ಒದ್ದೆ ತಲೆಯ ಮೇಲೆ ಟವೆಲ್ ಹಾಕಿ, ತಾವೇ ಒರೆಸಿದರು.

"ಮಾತು ಕೊಟ್ಟಿದ್ದೆ. ಇನ್ನು ಇಲ್ಲೇ ಇರು."

ಇಷ್ಟು ತಿಂಗಳು ಕೇಳಬೇಕೆಂದು ಅವನು ಹಂಬಲಿಸಿದ್ದ ಮಾತು ಅದು. ಕೇಳಿದ ಮೇಲೆ ಫಕೀರಪ್ಪನಿಗೆ ಬೇರೆಯೇ ಒಂದು ಸಂಗತಿ ತಿಳಿಯಿತು. ಕಳಿಸಿಬಿಡುತ್ತಾರೆಂಬ ಹೆದರಿಕೆ ಇದ್ದಷ್ಟು ದಿನ ಈ ಜಗಲಿ ಬಿಟ್ಟು ಅವನಿಗೆ ಜಗತ್ತೇ ಇರಲಿಲ್ಲ. ಈಗ ಆ ಹೆದರಿಕೆ ಹುಡುಕಿದರೂ ಸಿಗಲಿಲ್ಲ.

ಗಂಜಿ ಉಣ್ಣುವಾಗ ಅವನು ಹೇಳಿದ, "ಅಜ್ಜಾರ, ನಾ ಊರಿಗೆ ಹೋಗ್ತೀನ್ರಿ. ಮಂದಿ ನೆನಪಾಗ್ಯಾರ."

ಸ್ವಾಮಿಗಳು ಯಾಕೆಂದು ಕೇಳಲಿಲ್ಲ. ಇನ್ನೊಂದು ಸೌಟು ಗಂಜಿ ಬಡಿಸಿದರು, ಉಪ್ಪಿನಕಾಯಿ ಹಾಕಿದರು. ದಾರಿಗೆ ಬೇಕಾಗುತ್ತದೆಂದು ಅವಲಕ್ಕಿ, ಬೆಲ್ಲ ಕಟ್ಟಿಕೊಟ್ಟರು. ಅವನ ಜೊತೆ ಬಸ್ ಸ್ಟಾಪಿನವರೆಗೂ ನಡೆದು ಬಂದರು.

ಮೊದಲ ಹನಿಗಳು ಬೀಳತೊಡಗಿದ್ದವು. ಇಬ್ಬರಿಗೂ ಒಂದೇ ಕೊಡೆ. ಫಕೀರಪ್ಪ ಹಿಂದೆ ಉಳಿಯದೆ ಅವರ ಪಕ್ಕದಲ್ಲೇ ನಡೆದ.

ಬಸ್ಸು ಬಂತು. ಬಾಗಿಲಲ್ಲಿ ಕಂಡಕ್ಟರ್ ಬೇಗ ಬೇಗ ಎನ್ನುತ್ತಿದ್ದ. ಫಕೀರಪ್ಪ ಒಂದು ಕಾಲು ಮೆಟ್ಟಿಲ ಮೇಲಿಟ್ಟವನು ತಿರುಗಿ ನಿಂತ.

"ಸಾಯೂದರಾಗಿಂದ ಎಬ್ಬಿಸಿದ್ರಿ. ನಿಮ್ಮ ಈ ಋಣಾ ನಾ ಹ್ಯಾಂಗ ತೀರಿಸ್ಲಿರಿ ಅಜ್ಜಾರ?"

ಸ್ವಾಮಿಗಳು ಕೊಡೆಯನ್ನು ಮಡಚಿ ಅವನ ಕೈಗೆ ಕೊಟ್ಟರು.

"ಋಣ ತೀರಿಸಲಿಕ್ಕೆ ಹೋಗಬೇಡ ಮಾರಾಯ. ಅದರ ಮೇಲೆ ನಿಂತುಕೋ."