ಹೊಳೆದ ಬಾವಿನೀರು

ಸಂಶೋಧಕಿ ವಾರಿಜಾಕ್ಷಿ ಎರಡು ಗಾಜಿನ ನಳಿಕೆಗಳಲ್ಲಿ ಕೆರೆಯ ನೀರನ್ನೂ ಶಾಲೆಯ ಬಾವಿಯ ನೀರನ್ನೂ ತುಂಬಿ, ಎರಡಕ್ಕೂ ಪರೀಕ್ಷೆಯ ಬಣ್ಣದ ಒಂದೊಂದು ಹನಿ ಬಿಟ್ಟು ನೇರಳೆ ದೀಪ ಹಿಡಿದಳು. ಬಾವಿನೀರು ಹಸಿರಾಗಿ ಹೊಳೆಯಿತು. ಕೆರೆನೀರು ಮಂಕಾಗಿಯೇ ಉಳಿಯಿತು.

"ಬಣ್ಣವೇ, ನನ್ನಲ್ಲೇನು ಕೊರತೆ?" ಎಂದು ಕೆರೆನೀರು ಕೇಳಿತು.

"ನನಗೂ ತಿಳಿಯದು. ಬಾವಿನೀರಿನಲ್ಲಿ ಯಾರೋ ನನ್ನ ಕೈ ಹಿಡಿದರು, ಹೊಳೆದುಬಿಟ್ಟೆ."

"ಅದು ನನ್ನ ಯೋಗ್ಯತೆ!" ಎಂದು ಬಾವಿನೀರು ಬೀಗಿತು.

ಅಷ್ಟರಲ್ಲಿ ವಾರಿಜಾಕ್ಷಿ ಗಾಬರಿಯಿಂದ ಫೋನೆತ್ತಿದಳು. "ಮೇಷ್ಟ್ರೇ, ಬಾವಿ ಮುಚ್ಚಿಸಿ. ನೀರಿನಲ್ಲಿ ಸೀಸವಿದೆ, ಮಕ್ಕಳು ಕುಡಿಯಬಾರದು."

ಬಾವಿನೀರಿಗೆ ದಿಕ್ಕು ತೋಚಲಿಲ್ಲ. "ಇಷ್ಟು ಹೊಳೆದರೂ ನಾನು ಬೇಡವಾದೆನೇ?"

"ನಾನೂ ಆ ಹೊಳಪನ್ನು ಹೊಗಳಿಕೆಯೆಂದೇ ತಿಳಿದಿದ್ದೆ," ಎಂದಿತು ಬಣ್ಣ. "ನನ್ನ ಕೈ ಹಿಡಿದದ್ದು ಆ ಸೀಸವೇ; ಅದು ಎಚ್ಚರಿಕೆಯಾಗಿತ್ತು."